ಜಂಗ್‌ಪುರದ ಮನೆ ಕಾರ್ಖಾನೆ

ಬೆಂಗಳೂರಿನ ಹೊರವಲಯದಲ್ಲಿ ಮೊದಲೇ ಎರಕ ಹೊಯ್ದ (ಪ್ರಿಕಾಸ್ಟ್) ಗೋಡೆಗಳನ್ನು ಕ್ರೇನಿನಲ್ಲಿ ಎತ್ತಿ ನಿಲ್ಲಿಸುವ ಕೆಲಸದಲ್ಲೇ ತಲೆ ನರೆತ ಎಂಜಿನಿಯರ್ ನಾನು. ಈ ಕಸುಬಿಗೆ ಬರುವ ಹುಡುಗರಿಗೆ ಮೊದಲು ಹೇಳುವುದು ಒಟ್ಟೊ ಕೋನಿಗ್ಸ್‌ಬರ್ಗರ್ ಅವರ ಕತೆಯನ್ನು.

ಬರ್ಲಿನ್‌ನಲ್ಲಿ 1908ರಲ್ಲಿ ಹುಟ್ಟಿದವರು. ನಾಜಿಗಳ ಕಾಟದಿಂದ ದೇಶ ಬಿಟ್ಟು, ಈಜಿಪ್ಟಿನಲ್ಲಿದ್ದು, 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದರು. ಆಗ ಮಿರ್ಜಾ ಇಸ್ಮಾಯಿಲ್ ದಿವಾನರು. ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳು, ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ ಅವರ ಕೈಯವು. ನಮ್ಮ ಬಿಸಿಲು, ಗಾಳಿ, ಮಳೆಗಳ ವರಸೆಯನ್ನು ಅವರು ಇಲ್ಲೇ ಅರಿತುಕೊಂಡರು.

1948ರಲ್ಲಿ ಅವರು ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದರು. ದೇಶ ಒಡೆದು ದಿಲ್ಲಿಗೆ ಬಂದ ಲಕ್ಷಾಂತರ ನಿರಾಶ್ರಿತರು ಡೇರೆಗಳಲ್ಲೂ ಹಳೆಯ ಕೋಟೆಯೊಳಗೂ ದಿನ ದೂಡುತ್ತಿದ್ದ ಕಾಲ. ಅತ್ತ ಬ್ರಿಟನ್ ಯುದ್ಧ ಮುಗಿದ ಮೇಲೆ ಕಾರ್ಖಾನೆಯಲ್ಲಿ ತಯಾರಾದ ಒಂದೂವರೆ ಲಕ್ಷಕ್ಕೂ ಹೆಚ್ಚು ಮನೆಗಳನ್ನು ನಿಲ್ಲಿಸಿತ್ತು. ನಮಗೇಕೆ ಆಗಬಾರದು? ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಬೆಂಬಲಕ್ಕೆ ನಿಂತರು. ದಿಲ್ಲಿಯ ಜಂಗ್‌ಪುರದಲ್ಲಿ ಸರ್ಕಾರಿ ಮನೆ ಕಾರ್ಖಾನೆ ಎದ್ದಿತು. ನೊರೆ ಕಾಂಕ್ರೀಟಿನ ಹಗುರ ಹಲಗೆಗಳನ್ನು ಅಲ್ಲಿ ಎರಕ ಹೊಯ್ದು, ನಿವೇಶನಕ್ಕೆ ಒಯ್ದು ಜೋಡಿಸಿಬಿಡುವುದು ಲೆಕ್ಕಾಚಾರ.

ಹಲಗೆಗಳು ಕೈಕೊಟ್ಟವು. ಸಾಗಿಸುವಾಗಲೇ ಮುರಿದವು, ಬಿರುಕು ಬಿಟ್ಟವು. ಸಂಸತ್ತಿನಲ್ಲಿ ಟೀಕೆಯ ಸುರಿಮಳೆಯಾಯಿತು. 1951ರಲ್ಲಿ ಕೋನಿಗ್ಸ್‌ಬರ್ಗರ್ ಭಾರತ ಬಿಟ್ಟು ಲಂಡನ್ನಿಗೆ ಹೋದರು.

ಕಾರ್ಖಾನೆ ಮಾತ್ರ ಉಳಿಯಿತು. 1953ರಲ್ಲಿ ಹಿಂದೂಸ್ತಾನ್ ಹೌಸಿಂಗ್ ಫ್ಯಾಕ್ಟರಿಯಾಯಿತು, 1978ರಲ್ಲಿ ಹಿಂದೂಸ್ತಾನ್ ಪ್ರಿಫ್ಯಾಬ್ ಆಯಿತು. ರೈಲು ಹಳಿಯ ಕಾಂಕ್ರೀಟ್ ಸ್ಲೀಪರ್, ವಿದ್ಯುತ್ ಕಂಬ, ಚಾವಣಿಯ ತುಂಡುಗಳು ಅಲ್ಲಿಂದ ಹೊರಬಂದವು.

ಮುರಿದ ಆ ಹಲಗೆಗಳದ್ದು ಬರೀ ಹಣ ಪೋಲಾದ ಕತೆಯೆಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ; ಅದರಲ್ಲೊಂದು ಪಾಠವಿದೆ. ಗೋಡೆ ಮನೆಯಾಗಿ ನಿಂತ ಮೇಲೆ ಹೊರುವ ಭಾರ ಒಂದು. ಅಚ್ಚಿನಿಂದ ಬಿಡಿಸುವಾಗ, ಕೊಕ್ಕೆಗೆ ತೂಗುವಾಗ, ಲಾರಿಯಲ್ಲಿ ಕುಲುಕುವಾಗ ತಡೆದುಕೊಳ್ಳಬೇಕಾದದ್ದು ಬೇರೆಯೇ. ಮೂಲೆಗಳು ಒಡೆಯುವುದು ಆ ದಾರಿಯಲ್ಲೇ. ಹೊಸ ಹಲಗೆಯೊಂದಿಗೆ ಬರುವ ಯಾರಿಗಾದರೂ ನಾನು ಹೇಳುವುದಿಷ್ಟೆ: ಮೊದಲು ಒಂದೇ ಮನೆ ಜೋಡಿಸಿ, ಒಂದು ಮಳೆಗಾಲ, ಒಂದು ಬೇಸಿಗೆ ಅದರಲ್ಲಿ ಜನ ಬಾಳಲಿ, ಆಮೇಲೆ ಸಾವಿರಕ್ಕೆ ಅಚ್ಚು ಮಾಡಿಸಿ. ಸೂರಿಲ್ಲದವರಿಗೆ ಆತುರವಿದೆ ನಿಜ. ಅದಕ್ಕೇ ಅವರಿಗೆ ಪರೀಕ್ಷಿಸದ ಗೋಡೆಯನ್ನು ಕೊಡಬಾರದು.