ಒಂದು ವಿದಾಯಗೀತೆಯ ಪೂರ್ವಚರಿತ್ರೆ

ಪರೀಕ್ಷೆಗಳು ಸಮೀಪಿಸಿ ಕಾಲೇಜುಗಳಲ್ಲಿ ಬೀಳ್ಕೊಡುಗೆಯ ಸಮಾರಂಭಗಳು ನಡೆಯುವ ದಿನಗಳಲ್ಲಿ, ಮುಂಬಯಿಯ ಮಾಟುಂಗದಲ್ಲಾಗಲಿ ನಮ್ಮ ಮೈಸೂರು ಧಾರವಾಡಗಳಲ್ಲಾಗಲಿ, ಗಿಟಾರು ಹಿಡಿದ ವಿದ್ಯಾರ್ಥಿಯೊಬ್ಬನು ವೇದಿಕೆಯನ್ನೇರಿದನೆಂದರೆ ಅವನು ಹಾಡತಕ್ಕ ಗೀತೆ ಯಾವುದೆಂಬುದನ್ನು ಸಭೆ ಮೊದಲೇ ಊಹಿಸಿಕೊಂಡಿರುತ್ತದೆ. ಅದು ಕೆಕೆ ಎಂದು ಪ್ರಸಿದ್ಧರಾದ ಕೃಷ್ಣಕುಮಾರ್ ಕುನ್ನತ್ ಅವರು 1999ರಲ್ಲಿ ಹಾಡಿದ ‘ಪಲ್’. ಆ ಹೆಸರಿನ ಧ್ವನಿಸುರುಳಿಯೇ ಅವರನ್ನು ದೇಶಕ್ಕೆ ಪರಿಚಯಿಸಿತೆಂಬುದು ನಿಜ. ಆದರೆ ಆ ಕಂಠ ಅಲ್ಲಿಗೆ ಬರುವ ಮೊದಲು ಮುಂಬಯಿಯ ಒಂದು ಅಜ್ಞಾತ ಕಸುಬಿನಲ್ಲಿ ಪಳಗಿದ್ದಿತೆಂಬ ಸಂಗತಿ ಅಷ್ಟೇ ಸ್ಮರಣಾರ್ಹವಾದುದು.

ಅದು ಜಾಹೀರಾತಿನ ಹಾಡಿನ, ಅಂದರೆ ಜಿಂಗಲ್ಲಿನ ಕಸುಬು. ವಿವಿಧಭಾರತಿಯು 1967ರ ನವೆಂಬರಿನಲ್ಲಿ ಮುಂಬಯಿ, ಪುಣೆ, ನಾಗಪುರಗಳ ಪ್ರಸಾರದಲ್ಲಿ ಜಾಹೀರಾತಿಗೆ ಎಡೆಗೊಟ್ಟಿತು. 1976ರಲ್ಲಿ ದೂರದರ್ಶನವೂ ಅದನ್ನೇ ಅನುಸರಿಸಿತು. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪಾಶ್ಚಾತ್ಯ ಸಂಗೀತವನ್ನು ಅಭ್ಯಸಿಸಿ ಬಂದಿದ್ದ ವನರಾಜ್ ಭಾಟಿಯಾ, ಜಾಸ್ ಪಿಯಾನೋವಾದಕ ಲೂಯಿ ಬ್ಯಾಂಕ್ಸ್ ಮುಂತಾದ ಸಮರ್ಥರು ತಮ್ಮ ವಿದ್ಯೆಯನ್ನು ಈ ಕಿರುಗೀತೆಗಳಿಗೆ ಧಾರೆಯೆರೆದರು. 1988ರಲ್ಲಿ ದೂರದರ್ಶನದಲ್ಲಿ ಬಂದು, ಗದುಗಿನ ಭೀಮಸೇನ ಜೋಶಿಯವರ ಕಂಠದಿಂದ ಆರಂಭವಾಗುವ ‘ಮಿಲೇ ಸುರ್ ಮೇರಾ ತುಮ್ಹಾರಾ’ ರೂಪುಗೊಂಡುದರಲ್ಲಿಯೂ ಆ ಬ್ಯಾಂಕ್ಸರ ಕೈಯಿತ್ತು. ಜಿಂಗಲ್ಲಿನ ಗಾಯಕನಿಗೆ ದೊರೆಯುತ್ತಿದ್ದ ಅವಕಾಶ ಹೆಚ್ಚೆಂದರೆ ಅರ್ಧ ನಿಮಿಷ. ಅಷ್ಟರಲ್ಲಿ ರಾಗ ಮನಸ್ಸಿಗೆ ನಾಟಬೇಕು, ಪದಗಳು ಸ್ಪಷ್ಟವಾಗಿ ಕೇಳಿಸಬೇಕು, ಸರಕಿನ ಹೆಸರು ತಪ್ಪದೆ ತಾಳದ ಮೇಲೆ ಬೀಳಬೇಕು. ಹಿಂದಿಯಲ್ಲಿ ಮುಗಿಸಿದ ಹಾಡನ್ನೇ ಮರಾಠಿ, ತಮಿಳು, ಕನ್ನಡಗಳ ಮಾತು ಹೊಂದಿಸಿ ಮತ್ತೆ ಹಾಡಬೇಕು. ಹಾಡಿದವನ ಹೆಸರನ್ನು ಮಾತ್ರ ಯಾರೂ ಹೇಳರು.

ದೆಹಲಿಯ ಮಲಯಾಳಿ ಮನೆತನದಲ್ಲಿ 1968ರಲ್ಲಿ ಜನಿಸಿ, ಶಾಸ್ತ್ರೀಯ ಶಿಕ್ಷಣವಿಲ್ಲದೆ ಕಿಶೋರ್ ಕುಮಾರರ ಹಾಡುಗಳನ್ನು ಕೇಳಿಯೇ ಕಲಿತ ಕೆಕೆ, 1994ರಲ್ಲಿ ಮುಂಬಯಿಗೆ ಬಂದು ಈ ಕಸುಬಿಗೆ ಸೇರಿದರು. ಹನ್ನೊಂದು ಭಾಷೆಗಳಲ್ಲಿ ಮೂರೂವರೆ ಸಾವಿರ ಜಿಂಗಲ್ಲುಗಳನ್ನು ಅವರು ಹಾಡಿದರೆಂದು ಪ್ರತೀತಿ. 1996ರಲ್ಲಿ ತಮಿಳಿನ ‘ಕಾದಲ್ ದೇಶಂ’ ಚಿತ್ರಕ್ಕೂ, ಅದೇ ವರ್ಷ ‘ಮಾಚಿಸ್’ ಚಿತ್ರದಲ್ಲಿ ಬಿಟ್ಟುಬಂದ ಊರಬೀದಿಗಳನ್ನು ನೆನೆಯುವ ಗೀತೆಯ ಒಂದು ಭಾಗಕ್ಕೂ ಅವರ ದನಿ ಸಂದಿತು. ಜಿಂಗಲ್ಲಿನ ಲೋಕದಲ್ಲಿ ಅವರನ್ನು ಕೈಹಿಡಿದು ನಡೆಸಿದವರು ಗಿಟಾರುವಾದಕ ಲೆಸ್ಲಿ ಲೂಯಿಸ್; ಹರಿಹರನ್ ಅವರೊಡನೆ ‘ಕಲೋನಿಯಲ್ ಕಸಿನ್ಸ್’ ಎಂಬ ಜೋಡಿಯನ್ನು ಕಟ್ಟಿ ಆಗಲೇ ಖ್ಯಾತರಾಗಿದ್ದವರು. ‘ಪಲ್’ನ ಸಂಗೀತ ಅವರದೇ, ಸಾಹಿತ್ಯ ಮೆಹಬೂಬರದು.

ಗೀತೆಯ ರಚನೆ ಸರಳ. ಗಿಟಾರಿನ ಆಸರೆಯಲ್ಲಿ, ಪಕ್ಕದಲ್ಲಿ ಕುಳಿತ ಗೆಳೆಯನೊಡನೆ ಮಾತನಾಡುವಂತೆ ಮೃದುವಾಗಿ ಮೊದಲಿಡುವ ಕಂಠ, ರಾಕ್ ಸಂಗೀತದ ಏರುಸ್ಥಾಯಿಯನ್ನು ಮುಟ್ಟಿದಾಗಲೂ ಒಂದಕ್ಷರವನ್ನೂ ಮಸುಕುಗೊಳಿಸುವುದಿಲ್ಲ. ಈ ಸ್ಪಷ್ಟತೆ ಜಿಂಗಲ್ಲಿನ ದಿನಗಳ ವರವೆಂದೇ ನಾನು ದೃಢವಾಗಿ ನಂಬಿದ್ದೇನೆ. ಅದೇ 1999ರಲ್ಲಿ, ಅದೇ ಮೆಹಬೂಬರ ಸಾಹಿತ್ಯಕ್ಕೆ ‘ಹಮ್ ದಿಲ್ ದೇ ಚುಕೇ ಸನಮ್’ ಚಿತ್ರದಲ್ಲಿ ಕೆಕೆ ಹಾಡಿದ ‘ತಡಪ್ ತಡಪ್’ ಚಿತ್ರರಂಗದ ಬಾಗಿಲನ್ನು ತೆರೆಯಿತು. ಆಮೇಲೆ ಕನ್ನಡವೂ ಸೇರಿ ಅನೇಕ ಭಾಷೆಗಳ ಚಿತ್ರಗಳಿಗೆ ಅವರು ಹಾಡಿದರು. ಆದರೂ ವಿದ್ಯಾರ್ಥಿಗಳು ತಮ್ಮದೆಂದು ಆರಿಸಿಕೊಂಡುದು ಯಾವ ನಾಯಕನ ತುಟಿಯ ಮೇಲೂ ಕೂಡದ ‘ಪಲ್’ ಗೀತೆಯನ್ನು. ಚಿತ್ರಕಥೆಯ ಹಂಗಿಲ್ಲದ ಹಾಡಾದುದರಿಂದಲೇ ಪ್ರತಿಯೊಂದು ತರಗತಿಯ ಅಗಲಿಕೆಯೂ ಅದರಲ್ಲಿ ಸ್ಥಳ ಪಡೆಯಿತು. 2022ರ ಮೇ 31ರಂದು ಕೋಲ್ಕತ್ತದ ನಜ್ರುಲ್ ಮಂಚದಲ್ಲಿ ನಡೆದ ಕಾಲೇಜೊಂದರ ಉತ್ಸವದಲ್ಲಿಯೂ ಅವರು ಕೊನೆಯದಾಗಿ ಹಾಡಿದುದು ಇದನ್ನೇ. ಆ ರಾತ್ರಿಯೇ ಅವರು ತೀರಿಕೊಂಡರು, ಅಂತ್ಯಸಂಸ್ಕಾರ ಮುಂಬಯಿಯ ವರ್ಸೋವಾದಲ್ಲಿ ನೆರವೇರಿತು.

ಪ್ರಸಿದ್ಧಿ ಬಂದ ಮೇಲೂ ಸಂದರ್ಶನಗಳಿಂದ ದೂರವುಳಿದು, ಗಾಯಕನು ಕೇಳಿಸಬೇಕೇ ಹೊರತು ಕಾಣಿಸಬೇಕಾಗಿಲ್ಲವೆಂದು ಅವರು ಹೇಳುತ್ತಿದ್ದರು. ಆ ಶೀಲವನ್ನು ಅವರಿಗೆ ಕಲಿಸಿದ ಜಿಂಗಲ್ಲಿನ ಕಸುಬಿನಲ್ಲಿ ಹೆಸರಿಲ್ಲದೆ ದುಡಿದ ಇತರ ಕಂಠಗಳ ಚರಿತ್ರೆಯನ್ನೂ, ಅವನ್ನು ಕಂಡುಕೇಳಿದ ವಾದಕರು ನಮ್ಮ ನಡುವೆ ಇರುವಾಗಲೇ, ಮುಂಬಯಿಯವರು ಬರೆದಿಡತಕ್ಕದ್ದು.