ನಗುವನ್ನೂ ದಾಖಲಿಸಬೇಕು

ತುಳು ನಾಟಕಗಳನ್ನು ಕ್ಯಾಸೆಟ್ಟಿಗೆ ಚಿತ್ರೀಕರಿಸಿದವನು ನಾನು. ಮಂಗಳೂರಿನ ಹಾಸ್ಯದ ಇತಿಹಾಸ ಬರೆಯುವವರು ಮೊದಲು ಆ ಕ್ಯಾಸೆಟ್ಟುಗಳನ್ನು ನೋಡಬೇಕು ಎಂಬುದು ನನ್ನ ನಂಬಿಕೆ.

ಈ ಹಾಸ್ಯದ ಬೇರು ಯಕ್ಷಗಾನದ ಹಾಸ್ಯಗಾರರಲ್ಲಿದೆ. ಬರೆದಿಟ್ಟ ಮಾತಿಲ್ಲದೆ ಆ ಕ್ಷಣಕ್ಕೆ ಹೊಳೆದದ್ದನ್ನೇ ಆಡಿ ನಗಿಸಿದವರು ಅವರು. ತುಳುವಿನ ಸಾಮಾಜಿಕ ನಾಟಕವನ್ನು ಬೆಳೆಸಿದವರಲ್ಲಿ ಕೆ.ಎನ್. ಟೇಲರ್ ಪ್ರಮುಖರು. 1971ರಲ್ಲಿ ‘ಎನ್ನ ತಂಗಡಿ’ಯಿಂದ ತುಳು ಸಿನಿಮಾ ಶುರುವಾಯಿತು. ಮುಂದೆ ದೇವದಾಸ್ ಕಾಪಿಕಾಡ್, ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ ನಾಟಕಗಳು ಊರೂರಲ್ಲಿ ಜನ ಸೇರಿಸಿದವು, ನವೀನ್ ಡಿ. ಪಡೀಲ್, ಭೋಜರಾಜ್ ವಾಮಂಜೂರು, ಅರವಿಂದ ಬೋಳಾರ್ ಮನೆಮಾತಾದರು.

ಪುರಭವನದಲ್ಲಿ ನಾಟಕ ಚಿತ್ರೀಕರಿಸುವಾಗ ಒಂದು ಮೈಕನ್ನು ಪ್ರೇಕ್ಷಕರತ್ತ ತಿರುಗಿಸಿಡುತ್ತಿದ್ದೆ. ನುರಿತ ನಟ ಮಾತು ಮುಗಿಸಿ ನಿಲ್ಲುತ್ತಾನೆ. ನಗು ಏರಿ, ಇಳಿಯತೊಡಗಿದಾಗ ಮುಂದಿನ ಮಾತು ಎತ್ತುತ್ತಾನೆ. ಸಭೆಯ ನಗು ದಾಖಲಾಗದಿದ್ದರೆ ಆ ನಿಲುಗಡೆ ಮಾತು ಮರೆತಂತೆ ಕಾಣುತ್ತದೆ.

ಕೊಡಿಯಾಲ್‌ಬೈಲ್ ಅವರ ‘ಒರಿಯರ್ದೊರಿ ಅಸಲ್’ ನಾಟಕ 2011ರಲ್ಲಿ ಸಿನಿಮಾ ಆಗಿ ಭರ್ಜರಿ ಯಶಸ್ಸು ಕಂಡಿತು. ತುಳು ಚಿತ್ರರಂಗಕ್ಕೆ ಅದು ಹೊಸ ಜೀವ ಕೊಟ್ಟಿತು. ಆದರೆ ಸಿನಿಮಾದ ನಟನಿಗೆ ಎದುರಿಗೆ ಸಭೆ ಇರುವುದಿಲ್ಲ. ನಗುವಿಗೆ ಓಗೊಡುವ ಕಲೆ ರಂಗದ ಚಿತ್ರೀಕರಣದಲ್ಲಷ್ಟೇ ಉಳಿಯುತ್ತದೆ.

ಕರಾವಳಿಯ ಮಳೆಗಾಲದ ತೇವಕ್ಕೆ ಕ್ಯಾಸೆಟ್ಟಿನ ಟೇಪಿಗೆ ಬೂಸ್ಟು ಹಿಡಿಯುತ್ತದೆ. ಮನೆಯ ಅಟ್ಟದಲ್ಲಿ ಇಂಥವು ಇದ್ದವರು ಈಗಲೇ ಡಿಜಿಟಲ್ ಪ್ರತಿ ಮಾಡಿಸಿ, ನಾಟಕ, ತಂಡ, ಊರು, ವರ್ಷ ಬರೆದಿಡಿ. ಮುಂದಿನ ಕಲಾವಿದರಿಗೆ ಅದೇ ಪಾಠಶಾಲೆ.