ಮೆಟ್ಟಿಲು ಹತ್ತಿ ಬಂದ ವಾಸನೆ, ನದಿ ಹತ್ತಲಾಗದ ಮೀನು

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಇರೋರಿಗೂ, ಪಾತ್ರೆ ತೊಳೀತಾ ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ಕಥೆ ಒಂದು ಮೀನಿಂದು. ನಾನು ಮೀನು ತಿನ್ನದ ಮನೆಯಲ್ಲಿ ಬೆಳೆದವನು, ಓದಿದ್ದು ಬಿ.ಕಾಂ. ಹಾಗಾಗಿ ಈ ವಿಷಯ ಮಾತಾಡೋಕೆ ನನಗೇನು ಹಕ್ಕು ಅಂತ ನೀವು ಕೇಳಬಹುದು. ಮೊದಲು ಕಥೆ ಕೇಳಿ.

ನಮ್ಮದು ಚಾಮರಾಜಪೇಟೆಯಲ್ಲಿ ಅಜ್ಜಿಯ ಹಳೇ ಮನೆ. ಕೆಳಗೆ ನಾವು, ಮೇಲೆ ಬಾಡಿಗೆದಾರರು. ಗೇಟಿಗೆ ನೇತು ಹಾಕಿದ್ದ 'ಮನೆ ಬಾಡಿಗೆಗೆ ಇದೆ' ಬೋರ್ಡಿನ ಕೆಳಗೆ 'ಸಸ್ಯಾಹಾರಿಗಳಿಗೆ ಮಾತ್ರ' ಅನ್ನೋ ಇನ್ನೊಂದು ಸಾಲಿತ್ತು. ಆ ಅಕ್ಷರ ನನ್ನದೇ. ಪಿಯುಸಿಯಲ್ಲಿದ್ದಾಗ ಅಜ್ಜಿ ಹೇಳಿದ್ದು, ನಾನು ಬರೆದದ್ದು.

ಕೆಲವು ವರ್ಷದ ಹಿಂದೆ ಕೋಲ್ಕತ್ತಾ ಕಡೆಯ ಗಂಡ ಹೆಂಡತಿ ಮೇಲಿನ ಮನೆಗೆ ಬಂದರು. ಬೋರ್ಡ್ ಓದೋಕೆ ಅವರಿಗೆ ಕನ್ನಡ ಬರ್ತಿರಲಿಲ್ಲ, ಬಾಯಲ್ಲಿ ಹೇಳೋಕೆ ನಮಗೆ ಮುಜುಗರ. ಒಂದು ಭಾನುವಾರ ಜಿಟಿಜಿಟಿ ಮಳೆ. ಮಧ್ಯಾಹ್ನದ ಹೊತ್ತಿಗೆ ಮೇಲಿಂದ ಘಾಟು ವಾಸನೆ ಇಳಿದು ಬಂತು. ಅಜ್ಜಿ ಮೂಗು ಮುಚ್ಚಿಕೊಂಡು, "ಲೋ, ಹೋಗಿ ಹೇಳ್ ಬಾರೋ. ಜಗಳ ಆಡ್ಬೇಡ, ಸುಮ್ನೆ ಹೇಳು" ಅಂದರು.

ನಾನು ಮೇಲೆ ಹೋದೆ. ದಾದಾ ಬಾಗಿಲು ತೆಗೆದರು. ಮುಖ ನೋಡಿದ ಕೂಡಲೇ ವಿಷಯ ಅರ್ಥ ಆಗಿರಬೇಕು, ಪೆಚ್ಚಾದರು. ಒಳಗೆ ಕುಕ್ಕರಲ್ಲಿ ಒಂದು ಸ್ಟೀಲ್ ಡಬ್ಬಿ ಆವಿಯಲ್ಲಿ ಬೇಯ್ತಿತ್ತು. "ಇಲಿಶ್. ವರ್ಷಕ್ಕೆ ಒಂದೆರಡು ಸಲ ಅಷ್ಟೇ" ಅಂದರು. ರಸೆಲ್ ಮಾರ್ಕೆಟ್‌ನಿಂದ ತಂದದ್ದಂತೆ, ಐಸಲ್ಲಿ ಮಲಗಿ ರೈಲಲ್ಲಿ ಬಂದ ಮೀನು. ಆಮೇಲೆ ಒಂದು ಮಾತು ಹೇಳಿದರು: "ನಿಮ್ಮ ಕಾವೇರಿಯಲ್ಲೂ ಇದು ಇತ್ತು, ಗೊತ್ತಾ?"

ಹೇಳಬೇಕು ಅಂತ ಹೋದದ್ದನ್ನ ಹೇಳದೇ ಕೆಳಗೆ ಬಂದೆ. ಆವತ್ತಿಂದ ಹುಡುಕೋಕೆ ಶುರು ಮಾಡಿದ್ದರ ಫಲವೇ ಈ ಎಪಿಸೋಡ್.

ಮೊದಲು ಮೀನಿನ ಪರಿಚಯ. ಬಂಗಾಳಿಯಲ್ಲಿ ಇಲಿಶ್, ಪೇಟೆಯಲ್ಲಿ ಹಿಲ್ಸಾ, ಗೋದಾವರಿ ದಡದಲ್ಲಿ ಪುಲಸ, ಸಿಂಧ್‌ನಲ್ಲಿ ಪಲ್ಲಾ, ತಮಿಳಿನಲ್ಲಿ ಉಲ್ಲಂ. ಇಂಗ್ಲಿಷಿನವರು ಶ್ಯಾಡ್ ಅಂತಾರೆ. ಬೂತಾಯಿ ಇದ್ಯಲ್ಲ, ಅದರದ್ದೇ ಬಳಗದ ಬೆಳ್ಳಿ ಬಣ್ಣದ ಮೀನು. ಬದುಕೋದು ಸಮುದ್ರದಲ್ಲಿ, ಮೊಟ್ಟೆ ಇಡೋಕೆ ಮಾತ್ರ ನದಿಯ ಸಿಹಿನೀರೇ ಬೇಕು. ಮುಂಗಾರಿನ ಕೆಂಪು ನೀರು ಸಮುದ್ರ ಸೇರ್ತಿದ್ದ ಹಾಗೆ ಇದಕ್ಕೆ ಕರೆ ಬಂದಂತೆ. ಪ್ರವಾಹಕ್ಕೆ ಎದುರಾಗಿ ಗುಂಪುಗುಂಪಾಗಿ ಮೇಲಕ್ಕೆ ಈಜತ್ತೆ. ಒಂದು ದೊಡ್ಡ ಹೆಣ್ಣು ಮೀನು 10 ಲಕ್ಷಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಮರಿಗಳು ಸಿಹಿನೀರಲ್ಲಿ ಸ್ವಲ್ಪ ಬೆಳೆದು ಸಮುದ್ರಕ್ಕೆ ವಾಪಸ್ ಹೋಗ್ತವೆ. ಈ ಪ್ರಯಾಣಕ್ಕೆ ಅಂತ ಮೈಯಲ್ಲಿ ಕೂಡಿಟ್ಟ ಎಣ್ಣೆಯೇ ಇದರ ರುಚಿ. ಜೊತೆಗೆ ಕೂದಲಿನಷ್ಟು ಸಣ್ಣ ಮುಳ್ಳು, ಲೆಕ್ಕವಿಲ್ಲದಷ್ಟು.

ಈ ಮೀನಿಗೆ ಚರಿತ್ರೆಯಲ್ಲೂ ಹೆಸರಿದೆ. ಕಾರ್ನಾಡರ ನಾಟಕದಿಂದ ನಮಗೆಲ್ಲ ಗೊತ್ತಿರೋ ಮಹಮ್ಮದ್ ಬಿನ್ ತುಘಲಕ್ ಸತ್ತದ್ದು 1351ರಲ್ಲಿ, ಸಿಂಧ್‌ನ ಥಟ್ಟಾ ಹತ್ತಿರ, ಸಿಂಧೂ ನದಿ ದಡದಲ್ಲಿ. ಉಪವಾಸ ಮುರಿದು ಮೀನು ತಿಂದ ಮೇಲೆ ಜ್ವರ ಹೆಚ್ಚಾಯ್ತು ಅಂತ ಅವನ ಕಾಲದ ಇತಿಹಾಸಕಾರ ಬರನಿ ಬರೆದಿದ್ದಾನೆ. ಆ ಮೀನು ಪಲ್ಲಾನೇ ಇರಬೇಕು ಅನ್ನೋದು ನಂತರದವರ ಊಹೆ. ಅದೇ ಸಿಂಧ್‌ನಲ್ಲಿ ಬೆಸ್ತರು ದೊಡ್ಡ ಮಣ್ಣಿನ ಗಡಿಗೆ ಮೇಲೆ ಹೊಟ್ಟೆ ಆನಿಸಿ ಮಲಗಿ, ಪ್ರವಾಹದಲ್ಲಿ ತೇಲಿಕೊಂಡು ಹೋಗ್ತಾ, ಉದ್ದ ಕೋಲಿನ ಬಲೆಯಿಂದ ಪಲ್ಲಾ ಹಿಡೀತಿದ್ದರು. ಸಿಕ್ಕಿದ ಮೀನು ಅದೇ ಗಡಿಗೆ ಒಳಗೆ. ದೋಣಿಯೂ ಅದೇ, ಬುಟ್ಟಿಯೂ ಅದೇ. 19ನೇ ಶತಮಾನದ ಪ್ರವಾಸಿಗರು ಇದನ್ನ ಬೆರಗಿನಿಂದ ಬರೆದಿಟ್ಟಿದ್ದಾರೆ.

ಬಂಗಾಳದಲ್ಲಿ ಬೇರೆ ರೀತಿ. ದೋಣಿಯಿಂದ ಉದ್ದದ ಬಲೆಯನ್ನ ಗೋಡೆ ಥರ ನೀರಿಗೆ ಇಳಿಬಿಟ್ಟು ಹರಿವಿನ ಜೊತೆ ತೇಲಿಬಿಡ್ತಾರೆ. ಎದುರಿಂದ ಬಂದ ಮೀನಿನ ತಲೆ ಬಲೆಯ ಕಣ್ಣಲ್ಲಿ ತೂರತ್ತೆ, ದೇಹ ತೂರಲ್ಲ. ಹಿಂದೆ ಸರಿಯೋಣ ಅಂದ್ರೆ ಕಿವಿರು ಸಿಕ್ಕಿಕೊಳ್ಳತ್ತೆ. ನೀರಿಂದ ಎತ್ತಿದ ಸ್ವಲ್ಪ ಹೊತ್ತಿಗೇ ಸಾಯೋ ಮೀನಿದು, ಜೀವಂತವಾಗಿ ಮಾರುಕಟ್ಟೆಗೆ ಬರೋದೇ ಇಲ್ಲ.

ಈಗ ನಮ್ಮ ಕಾವೇರಿಗೆ ಬರೋಣ. ದಾದಾ ಹೇಳಿದ್ದು ನಿಜ. ಆದರೆ ಒಂದು ತಿದ್ದುಪಡಿ ಬೇಕು. ಉಲ್ಲಂ ಕಥೆ ನಡೆದದ್ದು ಕಾವೇರಿಯ ಕೆಳದಂಡೆಯಲ್ಲಿ, ತಮಿಳುನಾಡಿನ ಬಯಲಲ್ಲಿ. ಶ್ರೀರಂಗಂ ಹತ್ತಿರ ನದಿ ಎರಡಾಗಿ ಒಡೆಯತ್ತಲ್ಲ, ಅದರಲ್ಲಿ ಉತ್ತರದ ಕವಲು ಕೊಳ್ಳಿಡಂ. ಸಮುದ್ರದಿಂದ ಮೀನು ಹತ್ತುತ್ತಿದ್ದ ಮುಖ್ಯ ದಾರಿ ಅದು. ಮೀನು ಅವರದ್ದು, ನಿಜ. ಆದರೆ ಅದನ್ನ ಕರೀತಿದ್ದ ಮುಂಗಾರಿನ ನೀರು ಕೊಡಗಿಂದು, ಹಾಸನದ್ದು, ಮೈಸೂರಿಂದು.

1836ರ ಸುಮಾರಿಗೆ ಆರ್ಥರ್ ಕಾಟನ್ ಅನ್ನೋ ಎಂಜಿನಿಯರ್ ಕೊಳ್ಳಿಡಂಗೆ ಎರಡು ಅಡ್ಡಕಟ್ಟೆ ಹಾಕಿಸಿದ. ಮೇಲಣೈ ತಿರುಚ್ಚಿ ಹತ್ತಿರ, ಕೀಳಣೈ ಕುಂಭಕೋಣದ ಹತ್ತಿರ. ಉದ್ದೇಶ ಒಳ್ಳೆಯದೇ. ನೀರೆಲ್ಲ ಕೊಳ್ಳಿಡಂ ಕಡೆ ಜಾರಿ ಹೋಗಿ ತಂಜಾವೂರಿನ ಗದ್ದೆ ಒಣಗ್ತಿತ್ತು. ಕಟ್ಟೆ ಬಂದ ಮೇಲೆ ಗದ್ದೆ ಉಳೀತು, ಕಾಟನ್ ದೇವರಾದ. ಮೀನಿಗೆ ಮಾತ್ರ ಕೀಳಣೈ ಗೋಡೆ ಆಯ್ತು. ಮೇಲೆ ಹತ್ತಲಾಗದ ಉಲ್ಲಂ ಕಟ್ಟೆಯ ಬುಡದಲ್ಲಿ ರಾಶಿ ಬೀಳ್ತಿತ್ತು, ಬಲೆಯವರಿಗೆ ಸುಗ್ಗಿ. ಮೊಟ್ಟೆ ಹೊತ್ತ ಮೀನನ್ನ ಮೊಟ್ಟೆ ಇಡೋ ಮುಂಚೆ ಹಿಡಿಯೋದು ಅಂದ್ರೆ, ನಮ್ಮ ಕಾಮರ್ಸ್ ಭಾಷೆಯಲ್ಲಿ, ಬಡ್ಡಿ ಬಿಟ್ಟು ಅಸಲನ್ನೇ ತಿಂದ ಹಾಗೆ.

ಇದನ್ನ ಸರ್ಕಾರದ ಮುಂದೆ ಹೇಳಿದವನು ಫ್ರಾನ್ಸಿಸ್ ಡೇ. ಮದ್ರಾಸ್ ಸೈನ್ಯದಲ್ಲಿ ವೈದ್ಯನಾಗಿದ್ದು ಮೀನಿನ ಹುಚ್ಚು ಹಿಡಿಸಿಕೊಂಡವನು. 1873ರಲ್ಲಿ ಭಾರತ ಮತ್ತು ಬರ್ಮಾದ ಸಿಹಿನೀರಿನ ಮೀನುಗಾರಿಕೆ ಬಗ್ಗೆ ದೊಡ್ಡ ವರದಿ ಬರೆದ. ಅಡ್ಡಕಟ್ಟೆಯಲ್ಲಿ ಮೀನಿಗೂ ದಾರಿ ಬಿಡಿ ಅನ್ನೋದು ಅವನ ವಾದ. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಮದ್ರಾಸಿನ ಮೀನುಗಾರಿಕೆ ಇಲಾಖೆ ಕೊಳ್ಳಿಡಂ ದಡದಲ್ಲೇ ಈ ಮೀನಿನ ಮೊಟ್ಟೆಯಿಂದ ಕೃತಕವಾಗಿ ಮರಿ ಮಾಡಿಸೋ ಪ್ರಯೋಗವನ್ನೂ ಮಾಡಿತು. ಅಂದ್ರೆ ನೂರು ವರ್ಷದ ಹಿಂದೆಯೇ ಸಮಸ್ಯೆ ಎಲ್ಲರಿಗೂ ಗೊತ್ತಿತ್ತು.

ಆಮೇಲೆ ಬಂತು 1924. ಮೈಸೂರಿಗೂ ಮದ್ರಾಸಿಗೂ ಕಾವೇರಿ ಒಪ್ಪಂದ ಆಯ್ತು. ನಮ್ಮ ಕಡೆ ಕನ್ನಂಬಾಡಿ ಕಟ್ಟೆ, ಅವರ ಕಡೆ ಮೆಟ್ಟೂರು. ಕನ್ನಂಬಾಡಿ ಕೆಲಸ ಶುರುವಾದದ್ದು 1911ರಲ್ಲಿ. ಮೆಟ್ಟೂರು ಅಣೆಕಟ್ಟು ಮುಗಿದದ್ದು 1934ರಲ್ಲಿ, ಸಾಮರ್ಥ್ಯ ಸುಮಾರು 93 ಟಿಎಂಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರಕ್ಕೆ ನುಗ್ಗುತ್ತಿದ್ದ ಪ್ರವಾಹವನ್ನ ಈಗ ಮೊದಲು ಜಲಾಶಯಗಳು ಕುಡಿಯೋಕೆ ಶುರು ಮಾಡಿದವು. ಕರೆಯೋ ನೀರೇ ಬರದಿದ್ದ ಮೇಲೆ ಮೀನು ಯಾಕೆ ಬರತ್ತೆ? ಮೆಟ್ಟೂರಿನ ನಂತರ ಕಾವೇರಿಯ ಉಲ್ಲಂ ಮೀನುಗಾರಿಕೆ ಕುಸಿದು ಬಿತ್ತು.

ಇದು ಕಾವೇರಿಯೊಂದರ ಹಣೆಬರಹ ಅಲ್ಲ. ತಾರೀಖು ನೋಡಿ. ಗೋದಾವರಿಗೆ ಧವಳೇಶ್ವರಂ ಕಟ್ಟೆ, 1852, ಅದೂ ಕಾಟನ್‌ನದ್ದೇ. ಸಿಂಧೂಗೆ ಸುಕ್ಕೂರ್ 1932, ಕೋಟ್ರಿ 1955. ಗಂಗೆಗೆ ಫರಕ್ಕಾ, 1975. ಫರಕ್ಕಾ ಬರೋ ಮುಂಚೆ ಈ ಮೀನು ಗಂಗೆಯಲ್ಲಿ ಅಲಹಾಬಾದಿನವರೆಗೆ, ಕೆಲವೊಮ್ಮೆ ಯಮುನೆ ಹಿಡಿದು ಆಗ್ರಾ, ದೆಹಲಿವರೆಗೂ ಹೋಗ್ತಿತ್ತು. ಗೋದಾವರಿಯಲ್ಲಿ ಈಗಲೂ ಮಳೆಗಾಲದಲ್ಲಿ ಧವಳೇಶ್ವರಂ ಕಟ್ಟೆಯ ಕೆಳಗೆ, ಯಾನಾಂವರೆಗೆ ಪುಲಸ ಸಿಗತ್ತೆ. ತಾಳಿ ಮಾರಿಯಾದರೂ ಪುಲಸ ತಿನ್ನಬೇಕು ಅಂತ ತೆಲುಗರ ಗಾದೆ. ಒಂದೊಂದು ಮೀನು ಹರಾಜಲ್ಲಿ ಸಾವಿರಗಟ್ಟಲೆಗೆ ಹೋಗೋ ಸುದ್ದಿ ಪ್ರತಿ ವರ್ಷ ಬರತ್ತೆ. ಮಣ್ಣಿನ ಮಡಕೆಯಲ್ಲಿ ಹುಣಸೆ ರಸ, ಬೆಂಡೆಕಾಯಿ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ, ಒಂದು ರಾತ್ರಿ ಹಾಗೇ ಬಿಟ್ಟು ಮಾರನೇ ದಿನ ಊಟ ಮಾಡ್ತಾರೆ.

ಇಲ್ಲಿ ನಾನು ನಮ್ಮ ಮನೆ ನಲ್ಲಿ ಹತ್ತಿರ ಬರಬೇಕು. ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ. ಪ್ಲೇಗ್ ಬಂದ 1898ರ ಹೊತ್ತಿಗೆ ಬಸವನಗುಡಿ, ಮಲ್ಲೇಶ್ವರ. ಈ ಬಡಾವಣೆಗಳು ಮೊದಲು ಕುಡಿದದ್ದು ಹೆಸರಘಟ್ಟದ ನೀರು, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯದ್ದು. ಅದೂ ಸಾಲದಾದಾಗ 1974ರಲ್ಲಿ ಕಾವೇರಿ ಮೊದಲ ಹಂತ. ಶಿವನಸಮುದ್ರದ ಹತ್ತಿರ ನೀರೆತ್ತಿ, ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ, ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್ ಎತ್ತರಕ್ಕೆ ಪಂಪ್ ಮಾಡ್ತಾರೆ. ಅಕ್ಟೋಬರ್ 2024ರಲ್ಲಿ ಐದನೇ ಹಂತವೂ ಬಂತು, ದಿನಕ್ಕೆ ಇನ್ನೂ 77.5 ಕೋಟಿ ಲೀಟರ್.

ಯೋಚನೆ ಮಾಡಿ. ಮೀನಿಗೆ ಕೆಲವು ಅಡಿ ಎತ್ತರದ ಕಟ್ಟೆ ಹತ್ತೋಕೆ ಆಗಲಿಲ್ಲ. ನಾವು ಅದೇ ನದಿಯನ್ನ ಅರ್ಧ ಕಿಲೋಮೀಟರ್ ಮೇಲಕ್ಕೆ ಹತ್ತಿಸಿ ಓವರ್‌ಹೆಡ್ ಟ್ಯಾಂಕಿಗೆ ತುಂಬ್ಕೊಂಡಿದ್ದೀವಿ. ನೀರು ಬೇಡ ಅಂತ ನಾನು ಹೇಳ್ತಿಲ್ಲ, ಬೆಳಗ್ಗೆ ನಲ್ಲಿ ಬರದಿದ್ರೆ ಮೊದಲು ಕೂಗಾಡೋನು ನಾನೇ. ತಂಜಾವೂರಿನ ರೈತ, ಮಂಡ್ಯದ ರೈತ, ನಮ್ಮ ಅಜ್ಜಿಯ ಕಾಫಿ, ಇವೆಲ್ಲ ಲಾಭದ ಕಲಂನಲ್ಲಿ ಸರಿಯಾಗೇ ಕೂತಿವೆ. ನನ್ನ ತಕರಾರು ಖರ್ಚಿನ ಕಲಂ ಬಗ್ಗೆ. ಕಾವೇರಿ ಅಂದ ಕೂಡಲೇ ನಾವು ಟಿಎಂಸಿಯಲ್ಲಿ ಜಗಳ ಆಡ್ತೀವಿ: ನಮಗೆಷ್ಟು, ಅವರಿಗೆಷ್ಟು. ಸಮುದ್ರ ಸೇರಿದ ನೀರು 'ವ್ಯರ್ಥ' ಅಂತ ಎರಡೂ ಕಡೆಯವರು ಒಂದೇ ಬಾಯಲ್ಲಿ ಹೇಳ್ತೀವಿ. ಆ ವ್ಯರ್ಥ ನೀರು ಉಲ್ಲಂಗೆ ಮನೆಯ ದಾರಿ ಆಗಿತ್ತು.

ಇದೇ ಲೆಕ್ಕದಲ್ಲಿ ನಮ್ಮ ಕಡೆಯ ಮೀನೂ ಇದೆ. ಕಾವೇರಿಯ ಡುಬ್ಬದ ಮಾಶೀರ್, ಒಂದು ಕಾಲಕ್ಕೆ ಬ್ರಿಟಿಷರು ಗಾಳ ಹಾಕೋಕೆ ಹಡಗು ಹತ್ತಿ ಬರ್ತಿದ್ದ ದೈತ್ಯ ಮೀನು. 2018ರಲ್ಲಿ ಅದು ಅಳಿವಿನ ಅಂಚಿನಲ್ಲಿದೆ ಅಂತ ಅಂತರರಾಷ್ಟ್ರೀಯ ಕೆಂಪು ಪಟ್ಟಿ ಸೇರಿತು.

ಹಾಗಾದ್ರೆ ಏನೂ ಮಾಡೋಕಾಗಲ್ವಾ? ಆಗತ್ತೆ. ಅಮೆರಿಕದಲ್ಲೂ ಶ್ಯಾಡ್ ಇದೆ, ನಮ್ಮ ಹಿಲ್ಸಾದ ದಾಯಾದಿ. ಕನೆಕ್ಟಿಕಟ್ ನದಿಯ ಹೋಲಿಯೋಕ್ ಅಣೆಕಟ್ಟಲ್ಲಿ 1955ರಿಂದ ಮೀನಿಗೆ ಲಿಫ್ಟ್ ಇದೆ. ತಮಾಷೆ ಅಲ್ಲ, ನಿಜವಾದ ಲಿಫ್ಟ್. ನೀರು ತುಂಬಿದ ತೊಟ್ಟಿಗೆ ಮೀನು ಬರತ್ತೆ, ತೊಟ್ಟಿ ಮೇಲೆ ಹೋಗತ್ತೆ. ಮೇನ್ ರಾಜ್ಯದ ಕೆನೆಬೆಕ್ ನದಿಗೆ 1837ರಲ್ಲಿ, ಹೆಚ್ಚುಕಡಿಮೆ ಕಾಟನ್‌ನ ಕೀಳಣೈ ಕಾಲದಲ್ಲೇ, ಎಡ್ವರ್ಡ್ಸ್ ಅಣೆಕಟ್ಟು ಕಟ್ಟಿದ್ದರು. 1999ರಲ್ಲಿ ಅದನ್ನ ಒಡೆದೇ ಹಾಕಿದರು, ಮೀನು ವಾಪಸ್ ಬಂತು. ನಾವು ಮೆಟ್ಟೂರು ಒಡೆಯೋಕಾಗಲ್ಲ, ಒಡೀಬೇಕು ಅಂತಲೂ ಅಲ್ಲ. ಆದರೆ ಗಂಗೆಯಲ್ಲಿ ಬ್ಯಾರಕ್‌ಪುರದ ಕೇಂದ್ರೀಯ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಫರಕ್ಕಾದ ಮೇಲ್ಭಾಗಕ್ಕೆ ಹಿಲ್ಸಾ ಒಯ್ದು ಬಿಡ್ತಿದ್ದಾರೆ. ಬಾಂಗ್ಲಾದೇಶದಲ್ಲಿ ಮೊಟ್ಟೆ ಇಡೋ ಸಮಯ ನೋಡಿ ಅಕ್ಟೋಬರ್ ಸುಮಾರಿಗೆ 22 ದಿನ ಬಲೆ ಹಾಕೋ ಹಾಗಿಲ್ಲ. ಖರ್ಚಿನ ಕಲಂ ಅಂತ ಒಂದು ಇದೆ ಅಂತ ಒಪ್ಪಿಕೊಂಡವರು ಮಾಡೋ ಕೆಲಸ ಇವು.

ಇನ್ನು ಆ ಭಾನುವಾರದ ಬಾಕಿ. ಕೆಳಗೆ ಬಂದಾಗ ಅಜ್ಜಿ, "ಏನಂದ್ರು?" ಅಂತ ಕೇಳಿದರು. ನಾನು ಅಡುಗೆ ವಿವರ ಹೇಳಿದೆ. ಸಾಸಿವೆ, ಹಸಿಮೆಣಸಿನಕಾಯಿ, ಉಪ್ಪು ಸೇರಿಸಿ ರುಬ್ಬಿ, ಅರಿಶಿನ, ಸಾಸಿವೆ ಎಣ್ಣೆ ಕಲಸಿ, ಮೀನಿಗೆ ಸವರಿ, ಡಬ್ಬಿ ಮುಚ್ಚಿ ಹದಿನೈದು ನಿಮಿಷ ಆವಿಯಲ್ಲಿ ಬೇಯಿಸೋದು. ಬಿಸಿ ಅನ್ನದ ಜೊತೆ ಊಟ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮಾವಿನಹಣ್ಣಿನ ಸಾಸಿವೆ ಮಾಡೋದರಲ್ಲಿ ನಮ್ಮ ಬೀದಿಗೇ ಹೆಸರಾದವರು. "ಮೂಗಿಗೆ ಹತ್ತಿದ್ದು ಸಾಸಿವೆನೇ ಹಾಗಾದ್ರೆ. ಜಾಸ್ತಿ ರುಬ್ಬಿದ್ರೆ ಕಹಿ ಆಗತ್ತೆ ಅಂತ ಹೇಳು ಆ ಹುಡುಗಿಗೆ" ಅಂದರು.

ಹಾಗಂತ ಎಲ್ಲ ಸರಿಹೋಯ್ತು ಅಂದ್ಕೋಬೇಡಿ. ಅಜ್ಜಿ ಮೀನು ಒಪ್ಪಲಿಲ್ಲ, ಅವರೂ ಮತ್ತೆ ಮನೆಯಲ್ಲಿ ಮಾಡಲಿಲ್ಲ. ಹನ್ನೊಂದು ತಿಂಗಳ ಕರಾರು ಮುಗಿದ ಕೂಡಲೇ ಬೇರೆ ಕಡೆ ಹೋದರು. ಯಾಕೆ ಅಂತ ನಾನು ಕೇಳಲಿಲ್ಲ, ಕೇಳಬೇಕಿತ್ತು. ಹೊಸ ಬೋರ್ಡ್ ಬರೆಯೋ ಕೆಲಸ ಮತ್ತೆ ನನಗೇ ಬಂತು. ಒಂದೇ ಸಾಲು ಬರೆದೆ. ಅಜ್ಜಿ ಕನ್ನಡಕ ಏರಿಸಿ ನೋಡಿ, "ಇನ್ನೊಂದು ಸಾಲು ಎಲ್ಲೋ?" ಅಂದರು. "ಜಾಗ ಸಾಲಲಿಲ್ಲ ಅಜ್ಜಿ" ಅಂದೆ. ಬೋರ್ಡಿನ ಅರ್ಧ ಖಾಲಿ ಇತ್ತು. ಅವರು ಮತ್ತೆ ಕೇಳಲಿಲ್ಲ.

ನಿಮಗೆ ಒಂದು ಕೆಲಸ. ಕಾವೇರಿ, ಕಬಿನಿ, ತುಂಗೆ, ಕೃಷ್ಣೆ, ಯಾವುದೇ ನದಿ ದಡದಲ್ಲಿ ನಿಮ್ಮ ಅಜ್ಜ ಅಜ್ಜಿ ಇದ್ದರೆ ಕೇಳಿ: ನೀವು ಚಿಕ್ಕವರಿದ್ದಾಗ ಸಿಗ್ತಿದ್ದು ಈಗ ಸಿಗದ ಮೀನು ಯಾವುದು, ಅದಕ್ಕೆ ನೀವು ಏನಂತ ಕರೀತಿದ್ರಿ ಅಂತ. ಒಂದು ನಿಮಿಷದ ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡಲ್ಲಿ ಆ ಹೆಸರುಗಳನ್ನ ಅವರ ದನಿಯಲ್ಲೇ ಕೇಳಿಸ್ತೀನಿ. ಅಲ್ಲೀವರೆಗೆ, ನಲ್ಲಿ ತಿರುಗಿಸುವಾಗ ಸ್ವಲ್ಪ ನಿಧಾನ. ನಮಸ್ಕಾರ.